ಮೂಳೆ ಸೂಪಿನಿಂದ ಕೊಲಾಜೆನ್ ಡಬ್ಬಿಯವರೆಗೆ

ದಾವಣಗೆರೆಯ ಸರಸ್ವತಿ ನಗರದ ಕಡೆ ಯಾವುದಾದರೂ ಮೆಡಿಕಲ್ ಶಾಪ್ ಮುಂದೆ ನಿಂತು ನೋಡಿ, ಕೊಲಾಜೆನ್ ಪುಡಿಯ ಡಬ್ಬಿ ಕಣ್ಣಿಗೆ ಬೀಳುತ್ತದೆ. ಮಂಡಿ ನೋವು, ಮುಖದ ಸುಕ್ಕು, ಕೂದಲು ಉದುರುವುದು, ಎಲ್ಲಕ್ಕೂ ಇದೊಂದೇ ಮದ್ದು ಅಂತ ಫೋನಿನಲ್ಲೂ ಜಾಹೀರಾತು ಬರುತ್ತದೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇಥ್ ಮುಂದೆ ನಿಂತು ದುಡಿದವರು, ಭದ್ರಾ ನೀರಿನ ಗದ್ದೆಗಳಲ್ಲಿ ಬಗ್ಗಿ ನಾಟಿ ಮಾಡಿದ ಅವ್ವಂದಿರು ಈಗ ಅರವತ್ತು ದಾಟಿದ್ದಾರೆ. ಅವರ ಮಂಡಿಗೆ ಅಂತ ಮಕ್ಕಳು ಸಾವಿರ ರೂಪಾಯಿಗೂ ಮೀರಿ ಕೊಟ್ಟು ಡಬ್ಬಿ ತರುತ್ತಾರೆ. ತರಬೇಕೋ ಬೇಡವೋ ಅಂತ ಕೇಳುವವರಿಗೆ ನಾವು ಮೊದಲು ಇದರ ಹಳೆಯ ಕಥೆ ಹೇಳುತ್ತೇವೆ.

ಕೊಲಾಜೆನ್ ಅಂದರೆ ನಮ್ಮ ಚರ್ಮ, ಮೂಳೆ, ಕೀಲುಗಳನ್ನು ಹಿಡಿದಿಟ್ಟಿರುವ ಪ್ರೋಟೀನ್. ಗ್ರೀಕ್ ಭಾಷೆಯಲ್ಲಿ 'ಕೊಲ್ಲ' ಅಂದರೆ ಅಂಟು, ಹೆಸರು ಬಂದದ್ದು ಅಲ್ಲಿಂದಲೇ. ದನದ ಚರ್ಮ, ಮೂಳೆ ಕುದಿಸಿದರೆ ಅದು ಕರಗಿ ಜೆಲಾಟಿನ್ ಆಗುತ್ತದೆ. ಹಿಂದೆ ಬಡಗಿಗಳು ಮರ ಅಂಟಿಸುತ್ತಿದ್ದ ಅಂಟೂ ಇದೇ ಜಾತಿಯದು. ಜೆಲಾಟಿನನ್ನು ಇನ್ನೂ ಸಣ್ಣಗೆ ಒಡೆದರೆ ಡಬ್ಬಿಯೊಳಗಿನ ಪುಡಿ.

ಒಂದು ತಮಾಷೆ ಕೇಳಿ. ನಮ್ಮ ಮನೆಯ ಕುಕ್ಕರಿನ ಮೂಲಪುರುಷ ಹುಟ್ಟಿದ್ದು ಅನ್ನ ಬೇಯಿಸಲಿಕ್ಕಲ್ಲ, ಮೂಳೆ ಮೆತ್ತಗೆ ಮಾಡಲಿಕ್ಕೆ. 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಅದನ್ನು ತೋರಿಸಿದ. ಎಸೆಯುವ ಮೂಳೆಯಿಂದ ಬಡವರಿಗೆ ಊಟ ಮಾಡಬಹುದು ಎನ್ನುವುದು ಅವನ ಆಸೆ. 1800ರ ನಂತರ ಪ್ಯಾರಿಸ್ಸಿನಲ್ಲಿ ಅದು ನಿಜವೇ ಆಯಿತು. ಮಾಂಸ ಕೊಳ್ಳಲಾಗದವರಿಗೆ, ಆಸ್ಪತ್ರೆಯ ರೋಗಿಗಳಿಗೆ ಮೂಳೆಯ ಜೆಲಾಟಿನ್ ಸೂಪ್ ಹಂಚಿದರು. ಇದು ಮಾಂಸಕ್ಕೆ ಸಮ ಅಂತ ದೊಡ್ಡವರು ಹೇಳಿದರು. ಕುಡಿದವರು ಗೊಣಗಿದರು. ಕೊನೆಗೆ ಅಲ್ಲಿನ ವಿಜ್ಞಾನ ಅಕಾಡೆಮಿ ಸಮಿತಿ ಮಾಡಿತು. ಮ್ಯಾಜಂಡಿ ಎಂಬ ವೈದ್ಯರ ಮುಂದಾಳತ್ವದ ಆ ಸಮಿತಿ ವರ್ಷಗಟ್ಟಲೆ ನಾಯಿಗಳ ಮೇಲೆ ಪ್ರಯೋಗ ಮಾಡಿ, 1841ರಲ್ಲಿ ವರದಿ ಕೊಟ್ಟಿತು: ಬರೀ ಜೆಲಾಟಿನ್ ತಿಂದು ಜೀವ ಉಳಿಯುವುದಿಲ್ಲ.

ಯಾಕೆ ಎನ್ನುವುದು ಆಮೇಲೆ ತಿಳಿಯಿತು. ದೇಹ ತಾನೇ ಮಾಡಿಕೊಳ್ಳಲಾಗದ ಒಂಬತ್ತು ಅಮೈನೋ ಆಮ್ಲಗಳು ಊಟದಿಂದ ಬರಬೇಕು. ಕೊಲಾಜೆನ್‌ನಲ್ಲಿ ಅವುಗಳ ಪೈಕಿ ಟ್ರಿಪ್ಟೋಫ್ಯಾನ್ ಇಲ್ಲವೇ ಇಲ್ಲ. ಒಂದು ಗಾಲಿ ಇಲ್ಲದ ಗಾಡಿ ಇದ್ದಂತೆ.

ಕೊಲಾಜೆನ್ ಹೇಗಿದೆ ಅಂತ ಜಗತ್ತಿಗೆ ತೋರಿಸಿದವರಲ್ಲಿ ನಮ್ಮ ನಾಡಿನ ನಂಟಿರುವವರೂ ಇದ್ದಾರೆ. ಜಿ.ಎನ್. ರಾಮಚಂದ್ರನ್ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ.ವಿ. ರಾಮನ್ ಅವರ ಶಿಷ್ಯರಾದವರು. ಮುಂದೆ ಮದರಾಸಿನಲ್ಲಿದ್ದಾಗ, 1954ರಲ್ಲಿ, ಗೋಪಿನಾಥ್ ಕರ್ತಾ ಜೊತೆ ಸೇರಿ ಕೊಲಾಜೆನ್ ಅಂದರೆ ಮೂರು ಎಳೆ ಹೊಸೆದ ಹಗ್ಗದಂಥದ್ದು ಎಂದು ತೋರಿಸಿದರು. ಆಮೇಲೆ ಮತ್ತೆ ಬೆಂಗಳೂರಿಗೆ ಬಂದು ಹೊಸ ವಿಭಾಗವನ್ನೇ ಕಟ್ಟಿದರು. ಆ ಡಬ್ಬಿಯ ಮೇಲೆ ಅವರ ಹೆಸರು ಹಾಕಿದ್ದನ್ನು ನಾವಂತೂ ನೋಡಿಲ್ಲ!

ಹಗ್ಗದ ಮಾತು ಇಲ್ಲಿ ಮುಖ್ಯ. ಹಗ್ಗ ತಿಂದರೆ ಹೊಟ್ಟೆ ಅದನ್ನು ಬಿಚ್ಚಿ ನಾರು ನಾರು ಮಾಡುತ್ತದೆ. ಆ ನಾರು ನೆಟ್ಟಗೆ ಮಂಡಿಗೇ ಹೋಗಿ ಮತ್ತೆ ಹಗ್ಗವಾಗುತ್ತದೆ ಅನ್ನಲು ಆಧಾರವಿಲ್ಲ. ಕೆಲವು ಪ್ರಯೋಗಗಳಲ್ಲಿ ನೋವು ಸ್ವಲ್ಪ ಕಡಿಮೆಯಾದದ್ದು, ಚರ್ಮ ಸ್ವಲ್ಪ ಮೃದುವಾದದ್ದು ಕಂಡಿದೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ 2025ರಲ್ಲಿ ಚರ್ಮದ ಬಗೆಗಿನ 23 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕಂಪನಿ ದುಡ್ಡು ಇಲ್ಲದೆ ನಡೆದವುಗಳಲ್ಲಿ ಲಾಭ ಕಾಣಲಿಲ್ಲ.

ಅಮೆರಿಕ ಪ್ಯಾರಿಸ್ಸಿನ ಪಾಠ ಮರೆತಿತ್ತು. 1976ರ ಸುಮಾರಿಗೆ ತೂಕ ಇಳಿಸಲು 'ದ್ರವ ಪ್ರೋಟೀನ್' ಎಂದು ಕೊಲಾಜೆನ್ ನೀರನ್ನೇ ಬಾಟಲಿಯಲ್ಲಿ ಮಾರಿದರು. ಊಟ ಬಿಟ್ಟು ತಿಂಗಳುಗಟ್ಟಲೆ ಅದನ್ನೇ ಕುಡಿದವರಲ್ಲಿ ಹತ್ತಾರು ಜನ ಸತ್ತರು. ಹಲವರ ಹೃದಯದ ಬಡಿತವೇ ತಾಳ ತಪ್ಪಿತ್ತು. ಊಟದ ಜೊತೆ ಒಂದು ಚಮಚ ಪುಡಿ ಹಾಕಿಕೊಳ್ಳುವವರು ಇದಕ್ಕೆ ಹೆದರಬೇಕಿಲ್ಲ. ಊಟದ ಬದಲು ಅದೇ ಸಾಕು ಅನ್ನುವವರಿಗೆ ಮಾತ್ರ ಈ ಕಥೆ.

ವಯಸ್ಸಾದಂತೆ ದೇಹದಲ್ಲಿ ಕೊಲಾಜೆನ್ ಕಡಿಮೆಯಾಗುವುದು ಸುಳ್ಳಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇನ್ನೂ ಬೇಗ. ಮಾಂಸಖಂಡವೂ ಕರಗುತ್ತದೆ, ಮಂಡಿಗೆ ಆಸರೆ ತಪ್ಪುವುದು ಅಲ್ಲಿ. ವಯಸ್ಕರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ನಮ್ಮ ದೇಶದ ಲೆಕ್ಕ. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಒಳ್ಳೆಯದು ಅಂತ ತಜ್ಞರು ಹೇಳುತ್ತಾರೆ. ಅಂದರೆ 50 ಕೆಜಿ ತೂಕದ ಅಜ್ಜಿಗೆ 50ರಿಂದ 60 ಗ್ರಾಂ. ನಮ್ಮ ಮನೆಗಳಲ್ಲಿ ಆಗುವುದು ಉಲ್ಟಾ: ಹಲ್ಲು ಬಿದ್ದ ಮೇಲೆ ಅಜ್ಜಿಯ ತಟ್ಟೆಗೆ ಗಂಜಿ, ಅನ್ನ, ತಿಳಿಸಾರು. ಬೇಳೆ ತಳದಲ್ಲಿ, ಮೊಟ್ಟೆ ಮೊಮ್ಮಗನಿಗೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪೂರ್ತಿ ಪ್ರೋಟೀನ್ ಇದೆ. ಮೊಟ್ಟೆ ಮುಟ್ಟದವರಿಗೆ ಗಟ್ಟಿ ಬೇಳೆ, ಹೆಸರುಕಾಳು, ಶೇಂಗಾ ಪುಡಿ, ಹಾಲು, ಮೊಸರು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.

ಇನ್ನು ಡಬ್ಬಿ ತಂದೇ ತರುತ್ತೇವೆ ಅನ್ನುವ ಸಸ್ಯಾಹಾರಿ ಮನೆಯವರು ಚೀಟಿ ಓದಿ. ಪೇಟೆಯಲ್ಲಿ ಸಿಗುವ ಕೊಲಾಜೆನ್ ಬಹುಪಾಲು ದನ, ಹಂದಿ ಅಥವಾ ಮೀನಿನದು, ಅದಕ್ಕೆ ಕಂದು ತ್ರಿಕೋನದ ಗುರುತು ಇರಬೇಕು. ಹಸಿರು ಗುರುತಿನ 'ವೆಜ್ ಕೊಲಾಜೆನ್' ಒಳಗೆ ಸಾಮಾನ್ಯವಾಗಿ ಕೊಲಾಜೆನ್ನೇ ಇರುವುದಿಲ್ಲ, ದೇಹ ಅದನ್ನು ತಯಾರಿಸಲು ಬೇಕಾದ ವಿಟಮಿನ್ ಸಿ ಮುಂತಾದವು ಇರುತ್ತವೆ. ಆ ವಿಟಮಿನ್ ಸಿ ನೆಲ್ಲಿಕಾಯಿಯಲ್ಲೂ ಇದೆ, ಸಂತೆಯ ಪೇರಲೆಯಲ್ಲೂ ಇದೆ.