ಓದು: ನಾಲಗೆಯ ಮಾತು, ಕಿವಿಯ ಸೊತ್ತು

ಕಣ್ಣು ಕಾಣದವರು ಕಂಪ್ಯೂಟರಿನ ತೆರೆಯ ಮೇಲಿನ ಬರಹವನ್ನು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ದನಿಯಲ್ಲಿ ಆಲಿಸಿ ಮುಗಿಸಿ, ‘ಆ ಕಾದಂಬರಿ ಓದಿದೆ’ ಎನ್ನುತ್ತಾರೆ. ‘ಓದಿದ್ದಲ್ಲ, ಕೇಳಿದ್ದು’ ಎಂದು ತಿದ್ದುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಪದಗಳ ಬೇರು ಕೆದಕುವ ನಾವು ಇಂಥಲ್ಲಿ ಸುಮ್ಮನಿರಬಾರದು. ನುಡಿಯ ಸಾಕ್ಷ್ಯವೆಲ್ಲ ಆ ಅಂಧ ಓದುಗರ ಕಡೆಗೇ ಇದೆ.

‘ಓದು’ ದ್ರಾವಿಡದ ಹಳೆಯ ಧಾತು, ಅದರ ತವರು ನಾಲಗೆ. ತಮಿಳಿನಲ್ಲಿ ಅದು ಮಂತ್ರವನ್ನು ಉಚ್ಚರಿಸುವುದು, ಬಾಯಿಬಿಟ್ಟು ಹೇಳುವುದು, ಅಲ್ಲಿನ ಶಿವಾಲಯಗಳಲ್ಲಿ ತೇವಾರ ಹಾಡುವವರು ‘ಓದುವಾರ್’, ಮಲಯಾಳದ ‘ಓತ್ತ್’ ವೇದಪಠಣವೂ ಹೌದು, ಮುಸ್ಲಿಂ ಮಕ್ಕಳು ಕುರಾನ್ ಕಲಿಯುವ ‘ಓತ್ತುಪಳ್ಳಿ’ಯ ಪಾಠವೂ ಹೌದು, ತುಳುವಿನಲ್ಲಿ, ಕೊಡವದಲ್ಲಿ ಇದರ ಒಡಹುಟ್ಟುಗಳಿವೆ. ಸಂಸ್ಕೃತದಿಂದ ನಾವು ತಂದುಕೊಂಡ ‘ವಾಚನ’ದೊಳಗೆ ವಾಕ್ಕೇ ಕೂತಿದೆ, ‘ಪಠನ’ವೂ ದನಿಯದ್ದೇ. ಇವುಗಳಲ್ಲಿ ಒಂದರ ಬೇರಿನಲ್ಲೂ ಕಣ್ಣಿಲ್ಲ.

ಕನ್ನಡದ ಬಳಕೆಗಳೇನು ಹೇಳುತ್ತವೆ? ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಜನರನ್ನು, ಪಟ್ಟಾಗಿ ಕೂತು ಓದದೆಯೂ ಕಾವ್ಯದಲ್ಲಿ ನುರಿತವರೆಂದು ಕೊಂಡಾಡುವಾಗ, ಆ ‘ಓದು’ ಅಧ್ಯಯನವೇ ಹೊರತು ಹಾಳೆಯ ಮೇಲೆ ಕಣ್ಣಾಡಿಸುವುದಲ್ಲ. ‘ಗಿಳಿಯೋದು’ ಎಂಬ ಸಮಾಸವನ್ನು ನೋಡಿ: ಅಕ್ಷರದ ಪರಿಚಯವೇ ಇಲ್ಲದ ಹಕ್ಕಿ ಓದುತ್ತದೆ. ಮಳೆ ಹಿಂದಾದರೆ ಊರವರು ಗಮಕಿಯನ್ನು ಕರೆಸಿ ವಿರಾಟಪರ್ವ ‘ಓದಿಸು’ತ್ತಾರೆ, ಜಗುಲಿಯ ತುಂಬ ಕೂತವರಲ್ಲಿ ಗ್ರಂಥ ನೋಡುವವನು ಒಬ್ಬನೇ, ಆದರೆ ಭಾರತ ಓದಿಸಿದ ಪುಣ್ಯ ಇಡೀ ಊರಿಗೆ. ಮದುವೆಮನೆಯಲ್ಲಿ ಉಡುಗೊರೆ ‘ಓದಿಸುವುದು’ ಎನ್ನುವಾಗಲೂ ಹಳೆಯ ಅರ್ಥ ಹಾಗೇ ಉಳಿದಿದೆ: ಇಂಥವರಿಂದ ಇಷ್ಟು ಎಂದು ಸಭೆಗೆ ಕೂಗಿ ಹೇಳುವುದು. ನನಗೆ ಬಹಳ ಪ್ರಿಯವಾದ ಬಳಕೆಯಿದು.

ಮೌನದ ಓದು ಈ ಮನೆಗೆ ತಡವಾಗಿ ಬಂದ ನೆಂಟ. ‘ಮನಸ್ಸಿನಲ್ಲೇ ಓದಿಕೊ’ ಎಂದು ಮೇಷ್ಟರು ಹೇಳುವಲ್ಲಿ ಆ ‘ಕೊ’ ಬೇಕಾಗುತ್ತದೆ, ‘ಮನಸ್ಸಿನಲ್ಲೇ’ ಎಂಬ ವಿಶೇಷಣವೂ ಬೇಕಾಗುತ್ತದೆ. ಅಚ್ಚಿನ ಪುಸ್ತಕ ಕೈಗೆ ಬಂದ ಮೇಲೆ ನೆಂಟನೇ ಯಜಮಾನನಾದ. ಈಗ ‘ಗಟ್ಟಿಯಾಗಿ ಓದು’ ಎಂದು ದನಿಗೇ ವಿಶೇಷಣ ಅಂಟಿಸುತ್ತೇವೆ. ಬ್ರೈಲ್ ಬಂದಾಗ ಬೆರಳೂ ಓದಿತು, ಆ ಕ್ರಿಯಾಪದವನ್ನು ಬೆರಳಿಗೆ ಕೊಡಲು ಯಾರೂ ತಕರಾರು ಮಾಡಲಿಲ್ಲ. ಕಿವಿಗೇಕೆ ಮಾಡಬೇಕು?

ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಬರೆಯಲಾರಂಭಿಸಿದ ಸ್ಕ್ರೀನ್ ರೀಡರ್ ಎನ್‌ವಿಡಿಎ ಇಂದು ಉಚಿತವಾಗಿ ಸಿಗುತ್ತದೆ. ಅದರ ಜೊತೆಗೇ ಬರುವ ಈಸ್ಪೀಕ್ ದನಿಗೆ ಕನ್ನಡವೂ ಗೊತ್ತು. ನಮ್ಮ ಹಳೆಯ ಅರ್ಥದಲ್ಲಿ ಆ ಯಂತ್ರವೇ ಗಮಕಿ, ಕೀಲಿಮಣೆಯ ಮುಂದೆ ಕೂತವರು ಓದಿಸುವವರು. ಆದರೆ ಗಮಕಿಗೆ ಕೊಟ್ಟ ಗ್ರಂಥ ಸರಿಯಿರಬೇಕಲ್ಲ! ಆದೇಶಪತ್ರವನ್ನು ಸ್ಕ್ಯಾನ್ ಮಾಡಿ ಬರಿಯ ಚಿತ್ರವಾಗಿ ಜಾಲತಾಣಕ್ಕೇರಿಸಿದರೆ ಯಂತ್ರಕ್ಕೆ ಓದಲು ಅಕ್ಷರವೇ ಇಲ್ಲ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಕನ್ನಡದ ಆಕೃತಿಗಳು ರೋಮನ್ ಲಿಪಿಯ ಸಂಕೇತಗಳ ಮೇಲೆ ಕೂತಿರುತ್ತವೆ. ಕಣ್ಣಿಗೆ ಚಂದದ ಕನ್ನಡ, ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸುರಿಮಳೆ. ಮಾಧ್ಯಮಗಳ ಎಲ್ಲ ವಿಷಯವೂ ಅಂಗವಿಕಲರಿಗೆ ಎಟುಕುವ ರೂಪದಲ್ಲಿರಬೇಕೆಂದು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 42ನೇ ಕಲಮು ಹೇಳಿದ ಮೇಲೂ ಇಂಥ ಕಡತಗಳು ಏರುತ್ತಲೇ ಇವೆ, ಇದು ನನ್ನನ್ನು ನೋಯಿಸುತ್ತದೆ.

ಇನ್ನೊಂದು ತೊಡಕು ತೀರ ಚಿಕ್ಕದು, ತೀರ ನಮ್ಮದು. ‘ಶೂನ್ಯ’ದ ತದ್ಭವವಾದ ‘ಸೊನ್ನೆ’ ನಮ್ಮಲ್ಲಿ ಅಂಕಿಗೂ ಹೆಸರು, ಅನುಸ್ವಾರಕ್ಕೂ ಹೆಸರು. ಎರಡರ ಆಕಾರವೂ ಒಂದೇ ದುಂಡು. ಹಾಗಾಗಿ ಬೆರಳಚ್ಚಿಸುವವರು ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆಯನ್ನು ಒತ್ತಿಬಿಡುವುದುಂಟು. ‘ಕ೦ಡ’, ‘ಕಂಡ’: ಕಣ್ಣಿಗೆ ಇವು ಹೆಚ್ಚುಕಡಿಮೆ ಒಂದೇ, ಯಂತ್ರದ ನಾಲಗೆಗೆ ಮೊದಲನೆಯದು ಎರಡು ಅಕ್ಷರಗಳ ನಡುವೆ ಸಿಕ್ಕಿಕೊಂಡ ಒಂದು ಸಂಖ್ಯೆ.