ಮಾನ್ಯಖೇಟದ ಪಥ್ಯವಿಚಾರ

ರಕ್ತದೊತ್ತಡಕ್ಕೆ ಚೀನೀಯರ ಆಹಾರಚಿಕಿತ್ಸೆಯನ್ನು ಹೊಗಳುವವರುಂಟು. ಮೊದಲು ಆಹಾರ, ಅದು ಸಾಲದಿದ್ದರೆ ಔಷಧ ಎಂಬುದು 7ನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊನ ಮತ. ಪಥ್ಯದ ಇಂತಹ ಜಿಜ್ಞಾಸೆ ನಮ್ಮಲ್ಲಿಯೂ ನಡೆದಿತ್ತು. ಚಿಮ್ಮನಚೋಡದ ನೆರೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಜೈನಾಚಾರ್ಯ ಉಗ್ರಾದಿತ್ಯನು ಮಾಂಸವು ಚಿಕಿತ್ಸೆಗೆ ನಿಷ್ಪ್ರಯೋಜಕವೆಂದು ವಾದಿಸಿದನೆಂದು ಪ್ರತೀತಿ. ಆ ವಾದವು ಅವನ ಸಂಸ್ಕೃತ ಗ್ರಂಥವಾದ ‘ಕಲ್ಯಾಣಕಾರಕ’ದ ಕೊನೆಗೆ ‘ಹಿತಾಹಿತಾಧ್ಯಾಯ’ವಾಗಿ ಸೇರಿದೆ. ಊಟದ ಹಿತಾಹಿತವು ರಾಜಸಭೆಯ ಚರ್ಚೆಗೆ ಯೋಗ್ಯವೆನಿಸಿದ್ದುದೇ ಇತಿಹಾಸಕಾರನಿಗೆ ಮುಖ್ಯ. ಆದರೆ ಇವರೀರ್ವರ ಬಾಯಲ್ಲಿ ರಕ್ತದೊತ್ತಡದ ಮಾತನ್ನು ತುರುಕುವುದು ಸಲ್ಲದು. ತೋಳಪಟ್ಟಿಯಿಂದ ಅದನ್ನು ಅಳೆಯುವ ಉಪಕರಣವನ್ನು ಇಟಲಿಯ ರಿವಾ-ರೊಚ್ಚಿ ಪ್ರಕಟಿಸಿದುದು 1896ರಲ್ಲಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು ಅಂತಹ ಅಳತೆಗಳನ್ನು ನೆಚ್ಚಿಯೇ.