ಆಟದ ಪೆಟ್ಟಿಗೆಯ ಮೇಲೊಂದು ಹೆಸರು

ಶ್ರಾವಕನ ಪಂಚಾಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವು ಹೊರನೋಟಕ್ಕೆ ಬಹು ಸುಲಭವೆನಿಸುತ್ತದೆ. ಕನ್ನ ಕೊರೆಯದ, ತಕ್ಕಡಿಯಲ್ಲಿ ಮೋಸ ಮಾಡದ ಗೃಹಸ್ಥನು ತಾನು ಈ ವ್ರತವನ್ನು ಆಯಾಸವಿಲ್ಲದೆ ಪಾಲಿಸುತ್ತಿರುವುದಾಗಿ ಭಾವಿಸುತ್ತಾನೆ. ಆಚಾರ್ಯರ ದೃಷ್ಟಿ ಇದಕ್ಕಿಂತ ಸೂಕ್ಷ್ಮವಾದುದು. ತತ್ತ್ವಾರ್ಥಸೂತ್ರವು ಕೊಡದಿರುವುದನ್ನು ತೆಗೆದುಕೊಳ್ಳುವುದನ್ನೇ ಚೌರ್ಯವೆಂದು ನಿರೂಪಿಸುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಒಡೆಯನು ಮರೆತುಹೋದ ವಸ್ತುವನ್ನೂ ಈ ವ್ರತದ ವ್ಯಾಪ್ತಿಗೆ ತಂದಿದ್ದಾರೆ. ಮರೆತ ಮಾತ್ರಕ್ಕೆ ಅದು ಕೊಟ್ಟಂತಾಗಲಿಲ್ಲ ಎಂಬುದು ಇದರ ತಾತ್ಪರ್ಯ. ಚಿನ್ನ, ಬಟ್ಟೆ, ಧಾನ್ಯಗಳ ವಿಷಯದಲ್ಲಿ ಇದು ಸ್ಪಷ್ಟ. ಆದರೆ ಕೈಗೆ ಸಿಗದ ಒಂದು ಕಲ್ಪನೆಯ ವಿಷಯದಲ್ಲಿ ಕೊಡುವುದೆಂದರೇನು, ತೆಗೆದುಕೊಳ್ಳುವುದೆಂದರೇನು? ಪಗಡೆ, ಹಾವು-ಏಣಿಗಳಂತೆ ಪಟ ಹಾಸಿ ಕಾಯಿ ನಡೆಸುವ ಮಣೆಯಾಟಗಳ ಇತಿಹಾಸದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ.

ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ 1950ರಲ್ಲಿ ಆಟಿಕೆಗಳ ವಾಣಿಜ್ಯ ಮೇಳವೊಂದು ಆರಂಭವಾಯಿತು. ಅದು ಜಾತ್ರೆಯಲ್ಲ; ತಯಾರಕರು, ಸಗಟು ವ್ಯಾಪಾರಿಗಳು, ಅಂಗಡಿಕಾರರು ಕಲೆತು ವ್ಯವಹಾರ ಕುದುರಿಸುವ ಸ್ಥಳ. ಹೊಸ ಆಟಗಳನ್ನು ರೂಪಿಸುವವರು ಅಲ್ಲಿಗೆ ಬರುವುದು ಎರಡು ಉದ್ದೇಶಗಳಿಂದ. ರಟ್ಟು ಕತ್ತರಿಸಿ, ಬಣ್ಣ ಬಳಿದು ತಾವೇ ಸಿದ್ಧಪಡಿಸಿದ ಮಾದರಿಯನ್ನು ಪ್ರಕಾಶಕರಿಗೆ ತೋರಿಸುವುದು ಒಂದು. ಮಳಿಗೆಯಿಂದ ಮಳಿಗೆಗೆ ನಡೆದು ಆ ವರ್ಷದ ಹೊಸ ಆಟಗಳನ್ನು ಕಂಡು, ಆಡಿ, ತಿಳಿಯುವುದು ಇನ್ನೊಂದು. ಎರಡರಲ್ಲಿಯೂ ಧರ್ಮಸಂಕಟವಿದೆ.

ನಿಯಮಗಳನ್ನೆಲ್ಲ ಬಿಡಿಸಿ ಹೇಳದೆ ಪ್ರಕಾಶಕನು ಆಟವನ್ನು ಕೊಳ್ಳಲಾರ. ಒಮ್ಮೆ ಹೇಳಿದ ಮೇಲೆ ಆಟದ ಜೀವಾಳವೇ ಅವನ ಮನಸ್ಸಿಗೆ ಸೇರಿಬಿಡುತ್ತದೆ. ಕೃತಿಸ್ವಾಮ್ಯದ ಕಾನೂನು ನಿಯಮಪುಸ್ತಕದ ವಾಕ್ಯಗಳನ್ನೂ ಪಟದ ಚಿತ್ರವನ್ನೂ ರಕ್ಷಿಸುತ್ತದೆಯೇ ಹೊರತು ಆಡುವ ವಿಧಾನವನ್ನಲ್ಲ. ಪೇಟೆಂಟ್ ಪಡೆಯಲು ಹಣ ಬೇಕು, ಪಡೆದರೂ ಅದರ ಅವಧಿ ಮುಗಿಯುತ್ತದೆ. ಆದ್ದರಿಂದ ಆಟಗಾರಿಕೆಯ ಈ ಶಿಲ್ಪಿಗೆ ಬಹುಮಟ್ಟಿಗೆ ಎದುರಿಗಿರುವವನ ಪ್ರಾಮಾಣಿಕತೆಯೇ ಕಾವಲು. ಇನ್ನೊಂದು ಸಂಕಟ ಅವನೊಳಗಿನದು. ಯಾವುದೋ ಮಳಿಗೆಯಲ್ಲಿ ಕಂಡ ಒಂದು ಚತುರವಾದ ಏರ್ಪಾಡು ಆರು ತಿಂಗಳ ಅನಂತರ ಅವನ ಸ್ವಂತ ಮೇಜಿನ ಮೇಲೆ ತನ್ನದೇ ಹೊಳಹು ಎಂಬಂತೆ ಎದ್ದು ಬರುತ್ತದೆ.

ಕಂಡು ಕಲಿತದ್ದೆಲ್ಲ ಕಳವಲ್ಲ. 2008ರಲ್ಲಿ ಅಮೆರಿಕದ ಡೊನಾಲ್ಡ್ ವಕ್ಕರಿನೋ ಎಂಬವರ ಡೊಮಿನಿಯನ್ ಆಟ ಪ್ರಕಟವಾಯಿತು. ಆಟಗಾರನು ಆಡುತ್ತಾಡುತ್ತಲೇ ತನ್ನ ಎಲೆಗಳ ಕಟ್ಟನ್ನು ಕಟ್ಟಿಕೊಳ್ಳುವುದು ಅದರ ವಿಶೇಷ. ಮುಂದಿನ ವರ್ಷಗಳಲ್ಲಿ ಈ ವಿಧಾನವನ್ನು ಬಳಸಿ ಹತ್ತಾರು ಆಟಗಳು ಬಂದವು. ಅವುಗಳಲ್ಲಿ ಉತ್ತಮವಾದವು ತಮ್ಮದೇನನ್ನಾದರೂ ಸೇರಿಸಿದವು. ಮೊದಲಿನದು ಯಾವುದೆಂಬುದೂ ಗುಟ್ಟಾಗಿ ಉಳಿಯಲಿಲ್ಲ. ಜೈನ ಪರಂಪರೆಗೆ ಈ ವಿವೇಕ ಹೊಸದಲ್ಲ. ಜ್ಞಾನಾಚಾರದ ಎಂಟು ಅಂಗಗಳಲ್ಲಿ ಅನಿಹ್ನವವೂ ಒಂದು: ಯಾರಿಂದ ಕಲಿತೆನೋ ಆ ಗುರುವಿನ ಹೆಸರನ್ನು ಮರೆಮಾಚದಿರುವುದು. ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಲ್ಲಿ ತತ್ತ್ವಾರ್ಥಸೂತ್ರವು ನಿಹ್ನವವನ್ನು ಹೆಸರಿಸಿದೆ. ನಕಲು ಮಾಡುವುದೇ ದೋಷವಾಗಿದ್ದರೆ ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದ್ದು ಪುಣ್ಯಕಾರ್ಯವೆನಿಸುತ್ತಿರಲಿಲ್ಲ. ಆ ಸಾವಿರ ಪ್ರತಿಗಳಿಂದ ಪೊನ್ನನ ಹೆಸರು ಅಳಿಯಲಿಲ್ಲ, ಉಳಿಯಿತು.

ಹೆಸರು ಅಳಿದ ಪ್ರಸಂಗವೊಂದು ಅಮೆರಿಕದಲ್ಲಿ ನಡೆಯಿತು. ಎಲಿಜಬೆತ್ ಮ್ಯಾಗಿ (1866-1948) ಎಂಬ ಶೀಘ್ರಲಿಪಿಕಾರ್ತಿ ಭೂಮಾಲೀಕರ ಆಟವೊಂದನ್ನು ರೂಪಿಸಿ 1904ರ ಜನವರಿ 5ರಂದು ಅದಕ್ಕೆ ಪೇಟೆಂಟ್ ಪಡೆದಳು. ನೆಲದ ಬೆಲೆಯಿಂದ ಬರುವ ಲಾಭ ಸಮಾಜಕ್ಕೆ ಸಲ್ಲಬೇಕೆಂಬ ಹೆನ್ರಿ ಜಾರ್ಜ್‌ನ ವಿಚಾರವನ್ನು ಜನರಿಗೆ ಆಟದ ಮೂಲಕ ತಿಳಿಸುವುದು ಅವಳ ಗುರಿ. ಕ್ರಮೇಣ ಆ ಆಟ ಎರಡು ಬಗೆಯ ನಿಯಮಗಳಿಂದ ಆಡುವಂತಾಯಿತು. ಒಂದರಲ್ಲಿ ಒಬ್ಬನ ಗಳಿಕೆಯಿಂದ ಎಲ್ಲರಿಗೂ ಪಾಲು; ಇನ್ನೊಂದರಲ್ಲಿ ಒಬ್ಬನು ಎಲ್ಲವನ್ನೂ ಕಬಳಿಸಿ ಉಳಿದವರನ್ನು ದಿವಾಳಿ ಮಾಡುವುದೇ ಜಯ. ಪರಿಗ್ರಹ, ಪರಿಗ್ರಹಪರಿಮಾಣಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವ ಇಂಥ ಉಪಾಯ ಶ್ರಾವಕರಿಗೂ ಮೆಚ್ಚಿಗೆಯಾಗುವಂಥದು.

ಆಟ ಕೈಯಿಂದ ಕೈಗೆ ಹರಡಿತು. ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಪಂಥದವರು ಮನೆಗಳಿಗೆ ತಮ್ಮ ಊರಿನ ಬೀದಿಗಳ ಹೆಸರಿಟ್ಟರು. ಸ್ನೇಹಿತರ ಮನೆಯಲ್ಲಿ ಅದನ್ನು ಕಲಿತ ಚಾರ್ಲ್ಸ್ ಡ್ಯಾರೋ ಎಂಬಾತ ತನ್ನದೆಂದು ಮಾರಿದ. 1935ರಲ್ಲಿ ಪಾರ್ಕರ್ ಬ್ರದರ್ಸ್ ಸಂಸ್ಥೆ ಅದನ್ನು ಕೊಂಡು ಮೊನಾಪಲಿ ಎಂಬ ಹೆಸರಿನಿಂದ ಪ್ರಸಿದ್ಧಪಡಿಸಿತು. ಉಳಿದದ್ದು ಕಬಳಿಸುವ ನಿಯಮ ಮಾತ್ರ. ಡ್ಯಾರೋ ಶ್ರೀಮಂತನಾದ. ಅದೇ ವರ್ಷ ಮ್ಯಾಗಿಯ ಪೇಟೆಂಟನ್ನು ಸಂಸ್ಥೆ 500 ಡಾಲರಿಗೆ ಕೊಂಡಿತು. ಮಾರಾಟವಾದ ಪ್ರತಿಗಳ ಮೇಲೆ ಅವಳಿಗೆ ಗೌರವಧನವಿರಲಿಲ್ಲ. ಕೆಲಸವಿಲ್ಲದ ಬಡವನೊಬ್ಬನು ಈ ಆಟವನ್ನು ಕಂಡುಹಿಡಿದ ಕಥೆ ದಶಕಗಳ ಕಾಲ ಪ್ರಚಾರದಲ್ಲಿತ್ತು.

ಈ ಕಥೆಯನ್ನು ಹುಸಿಯಾಗಿಸಿದ ಸಾಕ್ಷ್ಯಗಳಲ್ಲಿ ಒಂದು ಅಕ್ಷರದೋಷವೂ ಸೇರಿದೆ. ಮಾರ್ವೆನ್ ಗಾರ್ಡನ್ಸ್ ಎಂಬ ಬಡಾವಣೆಯ ಹೆಸರನ್ನು ಡ್ಯಾರೋಗೆ ಆಟ ಕಲಿಸಿದ ಮಿತ್ರ ತನ್ನ ಪಟದಲ್ಲಿ ಮಾರ್ವಿನ್ ಎಂದು ತಪ್ಪಾಗಿ ಬರೆದಿದ್ದ. ಡ್ಯಾರೋನ ಪಟದಲ್ಲಿಯೂ ಅದೇ ತಪ್ಪು! ತಾಳೆಗರಿಯ ಗ್ರಂಥಗಳನ್ನು ಪರಿಷ್ಕರಿಸುವ ವಿದ್ವಾಂಸರಿಗೆ ಇದು ಪರಿಚಿತ ಮಾರ್ಗ. ಎರಡು ಪ್ರತಿಗಳಲ್ಲಿ ಒಂದೇ ಲಿಪಿದೋಷ ಕಂಡರೆ ಅವು ಒಂದೇ ಮೂಲದಿಂದ ಇಳಿದವೆಂದು ಅವರು ನಿರ್ಣಯಿಸುತ್ತಾರೆ. ರಾಲ್ಫ್ ಅನ್ಸ್‌ಪಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು 1973ರಲ್ಲಿ ಏಕಸ್ವಾಮ್ಯವನ್ನು ವಿರೋಧಿಸುವ ಆಟವೊಂದನ್ನು ಹೊರತಂದು ಮೊಕದ್ದಮೆಗೆ ಸಿಕ್ಕಿಕೊಂಡಾಗ, ತಮ್ಮ ಪರವಾಗಿ ಪುರಾವೆ ಹುಡುಕುತ್ತ ಹೋಗಿ ಮ್ಯಾಗಿಯ ಪೇಟೆಂಟನ್ನು ಬೆಳಕಿಗೆ ತಂದರು. ವ್ಯಾಜ್ಯ 1983ರವರೆಗೆ ನಡೆದು ಅವರಿಗೆ ಜಯವಾಯಿತು. ಮ್ಯಾಗಿ ತೀರಿಕೊಂಡು ಆಗಲೇ 35 ವರ್ಷಗಳಾಗಿದ್ದವು.

1988ರ ನ್ಯೂರೆಂಬರ್ಗ್ ಮೇಳದ ಪ್ರಸಂಗವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆ ಕಾಲದಲ್ಲಿ ಜರ್ಮನಿಯ ಆಟದ ಪೆಟ್ಟಿಗೆಗಳ ಮೇಲೆ ಸಾಮಾನ್ಯವಾಗಿ ಪ್ರಕಾಶಕರ ಹೆಸರು ಮಾತ್ರ ಇರುತ್ತಿತ್ತು. ಮೇಳಕ್ಕೆ ಬಂದಿದ್ದ ಹದಿಮೂರು ಮಂದಿ ಆಟಕಾರರು, ಅವರಲ್ಲಿ ರೈನ್‌ಹೋಲ್ಡ್ ವಿಟಿಗ್ ಮತ್ತು ಅಲೆಕ್ಸ್ ರ‍್ಯಾಂಡಾಲ್ಫ್ ಪ್ರಮುಖರು, ಒಂದೆಡೆ ಕುಳಿತು ಒಂದು ಪ್ರತಿಜ್ಞೆ ಕೈಗೊಂಡರು: ಪೆಟ್ಟಿಗೆಯ ಮೇಲೆ ರಚಿಸಿದವರ ಹೆಸರನ್ನು ಅಚ್ಚಿಸದ ಪ್ರಕಾಶಕನಿಗೆ ತಮ್ಮಲ್ಲಿ ಯಾರೂ ಆಟವನ್ನು ಕೊಡುವುದಿಲ್ಲ. ಕಾಗದ ಹತ್ತಿರವಿರಲಿಲ್ಲವೋ ಏನೋ, ಬಿಯರ್ ಲೋಟದ ಕೆಳಗಿಡುವ ರಟ್ಟಿನ ತುಂಡಿನ ಮೇಲೆ ಅದನ್ನು ಬರೆದು ಸಹಿ ಹಾಕಿದರು. ಮದ್ಯದ ಬಟ್ಟಲ ಕೆಳಗಿನ ರಟ್ಟು ಪ್ರತಿಜ್ಞಾಪತ್ರವಾದದ್ದು ಶ್ರಾವಕರಿಗೆ ವಿಚಿತ್ರವೆನಿಸೀತು, ಪ್ರತಿಜ್ಞೆಯೇನೋ ನಿರ್ದುಷ್ಟವಾದುದೇ. ಅವರು ಹೆಚ್ಚು ಹಣ ಕೇಳಲಿಲ್ಲವೆಂಬುದನ್ನು ಗಮನಿಸಬೇಕು. 1991ರಲ್ಲಿ ಆಟಕಾರರ ಸಂಘವೊಂದು ಜರ್ಮನಿಯಲ್ಲಿ ಸ್ಥಾಪನೆಯಾಯಿತು. ಪೆಟ್ಟಿಗೆಯ ಮೇಲೆ ರಚಿಸಿದವರ ಹೆಸರಿರುವುದು ಇಂದು ಅಲ್ಲಿ ರೂಢಿಯಾಗಿದೆ.

ರಚಿಸಿದವರೇ ಹೆಸರನ್ನು ಬಿಟ್ಟುಕೊಟ್ಟ ಆಟವೂ ಉಂಟು, ಅದು ಜೈನರದೇ. ಗುಜರಾತ್, ರಾಜಸ್ಥಾನಗಳಲ್ಲಿ 18 ಮತ್ತು 19ನೆಯ ಶತಮಾನಗಳಲ್ಲಿ ಬಟ್ಟೆ, ಕಾಗದಗಳ ಮೇಲೆ ಬರೆದ ಜ್ಞಾನ ಚೌಪಡದ ಪಟಗಳು ಉಳಿದಿವೆ. ಜೈನ ಪಟದಲ್ಲಿ ಸಾಮಾನ್ಯವಾಗಿ 84 ಮನೆಗಳು. ಕೆಳಗೆ ನರಕಗಳು, ಮೇಲೆ ದೇವಲೋಕಗಳು, ತುದಿಯಲ್ಲಿ ಸಿದ್ಧಶಿಲೆ. ಏಣಿ ಏರಿಸುತ್ತದೆ, ಹಾವು ಇಳಿಸುತ್ತದೆ. ಪರ್ಯೂಷಣದ ದಿನಗಳಲ್ಲಿ ಇದನ್ನು ಆಡುತ್ತಿದ್ದರು. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸುವ ಸಮಾಜ ಕವಡೆಯನ್ನು ಕೈಗೆತ್ತಿಕೊಂಡದ್ದು ಪಣಕ್ಕಾಗಿ ಅಲ್ಲ. ತುದಿಯ ಸಮೀಪದಿಂದಲೂ ಕಾಯಿ ಜಾರುವುದನ್ನು ಕಂಡು ಮಕ್ಕಳು ಮುನಿಸಿಕೊಳ್ಳಬಹುದು. ಉಪಶಮಶ್ರೇಣಿಯನ್ನೇರಿದ ಜೀವವು ಹನ್ನೊಂದನೆಯ ಗುಣಸ್ಥಾನದಿಂದ ಇಳಿಯಲೇಬೇಕೆಂಬುದನ್ನು ಬಲ್ಲ ಹಿರಿಯರಿಗೆ ಅದರಲ್ಲಿ ಆಶ್ಚರ್ಯವಿರಲಿಲ್ಲ.

ವೈಷ್ಣವರಲ್ಲಿ 72 ಮನೆಗಳ ಪಟ ಬಳಕೆಯಲ್ಲಿತ್ತು. ಅಂಥದೊಂದನ್ನು ಮೇಜರ್ ಹೆನ್ರಿ ಡಂಡಾಸ್ ರಾಬರ್ಟ್‌ಸನ್ 1831ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಗೆ ಕೊಟ್ಟರು. ಆ ಶತಮಾನದ ಕೊನೆಗೆ ಇಂಗ್ಲೆಂಡಿನ ಅಂಗಡಿಗಳಲ್ಲಿ ಹಾವು-ಏಣಿಯ ಆಟ ಮಾರಾಟಕ್ಕಿತ್ತು. ಅದರಲ್ಲಿ ಕರ್ಮ, ಗತಿಗಳ ಜಾಗದಲ್ಲಿ ಮಕ್ಕಳ ಸೋಮಾರಿತನ, ಅವಿಧೇಯತೆಗಳು ಬಂದಿದ್ದವು. 1943ರಲ್ಲಿ ಅಮೆರಿಕದ ಮಿಲ್ಟನ್ ಬ್ರ್ಯಾಡ್ಲಿ ಸಂಸ್ಥೆ ಹಾವನ್ನೂ ತೆಗೆದು ಜಾರುಬಂಡಿಯನ್ನಿಟ್ಟಿತು. ಪಟ ಬರೆದವರು ಹೆಸರು ಹಾಕದಿದ್ದುದು ಅವರ ತ್ಯಾಗ. ಆಟ ಎಲ್ಲಿಂದ ಬಂತೆಂಬುದನ್ನು ಪೆಟ್ಟಿಗೆಯ ಮೇಲೆ ಹೇಳದಿದ್ದುದನ್ನು ಅದೇ ಮಾತಿನಿಂದ ಸಮರ್ಥಿಸಲಾಗದು. ಕೊಡುವವನು ಬಿಟ್ಟುಕೊಟ್ಟದ್ದು ದಾನ, ಕೊಳ್ಳುವವನು ಒರೆಸಿಹಾಕಿದ್ದು ನಿಹ್ನವ.

ಈ ವಿಚಾರ ದೂರದೇಶದ ಮೇಳಗಳಿಗೆ ಮೀಸಲಾದುದಲ್ಲ. ಅಚೌರ್ಯದ ಐದು ಅತಿಚಾರಗಳಲ್ಲಿ ತದಾಹೃತಾದಾನ, ಅಂದರೆ ಕದ್ದ ಮಾಲನ್ನು ಕೊಳ್ಳುವುದು, ಮತ್ತು ಪ್ರತಿರೂಪಕ ವ್ಯವಹಾರ, ಅಂದರೆ ಕೃತಕವನ್ನು ಅಸಲಿಯೆಂದು ಮಾರುವುದು, ಸೇರಿವೆ. ಜನಪ್ರಿಯ ಆಟಗಳ ನಕಲಿ ಪೆಟ್ಟಿಗೆಗಳು ಇಂದು ಅಂತರ್ಜಾಲದ ಅಂಗಡಿಗಳಲ್ಲಿ ಅರ್ಧ ಬೆಲೆಗೆ ದೊರೆಯುತ್ತವೆ. ಅರಿತೂ ಅವುಗಳನ್ನು ಮಕ್ಕಳಿಗೆ ಕೊಂಡುಕೊಡುವ ಮನೆಯವರಿಗೆ ಮೊದಲಿನ ಅತಿಚಾರ ತಟ್ಟುತ್ತದೆ. ಪಾಠಶಾಲೆಗಾಗಿ ಹಳೆಯ ಜ್ಞಾನ ಚೌಪಡವನ್ನು ಮುದ್ರಿಸಲು ಬಯಸುವ ಬಸದಿಯ ಟ್ರಸ್ಟುಗಳೂ ಇದೇ ಎಚ್ಚರ ವಹಿಸಬೇಕಾಗುತ್ತದೆ. ಪಟದ ಅಂಚಿನಲ್ಲಿ ಬರೆದವರ ಹೆಸರೋ ಸಂವತ್ಸರವೋ ಇದ್ದರೆ ಅಂದಕ್ಕಾಗಿ ಅದನ್ನು ಕತ್ತರಿಸಬಾರದು. ಇಲ್ಲದಿದ್ದರೆ ಯಾವ ಭಂಡಾರದ ಪಟ, ಹೊಸದಾಗಿ ಚಿತ್ರ ಬರೆದವರಾರು, ಕನ್ನಡಕ್ಕೆ ತಂದವರಾರು ಎಂಬುದನ್ನು ಕೆಳಗೆ ಒಂದು ಸಾಲಿನಲ್ಲಿ ಅಚ್ಚು ಹಾಕಿಸಬಹುದು. ದಾನಿಗಳ ಪಟ್ಟಿಗೆ ಇಡೀ ಪುಟ ಸಿಗುವಲ್ಲಿ ಈ ಒಂದು ಸಾಲಿಗೆ ಜಾಗ ಸಾಲದೆಂದು ಯಾರೂ ಹೇಳಲಾರರು.